ಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯಾವಳಿ: ಕದ್ರಿಯ ಅಂಕಣದಿಂದ ಅಖಿಲ ಭಾರತ ಮಟ್ಟದವರೆಗೆ

ಮಂಗಳೂರಿನ ಕದ್ರಿ ಎಂದೊಡನೆ ಮಂಜುನಾಥ ದೇವಾಲಯ, ಅದರ ಮೇಲಿನ ಗುಡ್ಡ, ಮಕ್ಕಳು ಓಡಾಡುವ ಉದ್ಯಾನವನ ನೆನಪಾಗುವುದು ಸಹಜ. ಆದರೆ ಕದ್ರಿ, ಮಲ್ಲಿಕಟ್ಟೆ, ಬೆಂದೂರು, ನಂತೂರು ಪರಿಸರ ಕಾಲೇಜುಗಳ ನೆಲೆಯೂ ಹೌದು. ಮಳೆಗಾಲ ಕಳೆದು ಕಾಲೇಜಿನ ಸಿಮೆಂಟು ಅಂಕಣಗಳು ಒಣಗಿದ ಮೇಲೆ ಇಂತಹ ಬಡಾವಣೆಗಳಲ್ಲಿ ಸಂಜೆಯ ಹೊತ್ತು ಚೆಂಡು ಪುಟಿಯುವ ಸದ್ದು, ತೀರ್ಪುಗಾರರ ಸೀಟಿ, ಸಹಪಾಠಿಗಳ ಕೂಗು ಕೇಳಿಬರುತ್ತವೆ. ದಾರಿಹೋಕರು ನಿಂತು ನೋಡುತ್ತಾರೆ. ಯಾರು ಮುಂದಿದ್ದಾರೆ ಎಂಬುದು ತಿಳಿಯುತ್ತದೆ. ಗೆದ್ದವರು ಮುಂದೆ ಎಲ್ಲಿಗೆ ಹೋಗುತ್ತಾರೆ, ಒಂದೂ ಪಂದ್ಯವಾಡದ ತಂಡ ಎರಡನೇ ಸುತ್ತಿಗೆ ಹೇಗೆ ಬಂತು, ಸೋಲು ಖಚಿತವಾದ ತಂಡ ಕೊನೆಯ ನಿಮಿಷದಲ್ಲಿಯೂ ಏಕೆ ಜೀವ ಬಿಟ್ಟು ಓಡುತ್ತದೆ ಎಂಬುದು ತಿಳಿಯುವುದಿಲ್ಲ. ಅಂತಹ ಹೊಸ ಪ್ರೇಕ್ಷಕರಿಗಾಗಿ ಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯಾವಳಿಯ ಸ್ವರೂಪವನ್ನು ಇಲ್ಲಿ ವಿವರಿಸಲಾಗಿದೆ.

ಒಂದೇ ಊರು, ಹಲವು ಪಂದ್ಯಾವಳಿ

ಮೊದಲು ಅರಿಯಬೇಕಾದ ಸಂಗತಿಯೆಂದರೆ, ಮಂಗಳೂರಿನ ಎಲ್ಲ ಕಾಲೇಜುಗಳು ಒಂದೇ ಪಂದ್ಯಾವಳಿಯಲ್ಲಿ ಆಡುವುದಿಲ್ಲ. ಅಂತರ ಕಾಲೇಜು ಪಂದ್ಯಾವಳಿ ಎಂಬುದು ಒಂದು ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಸೇರಿದ ಕಾಲೇಜುಗಳ ನಡುವಿನ ಸ್ಪರ್ಧೆ. ಕಾಲೇಜು ಯಾವ ವಿಶ್ವವಿದ್ಯಾನಿಲಯಕ್ಕೆ ಸಂಯೋಜಿತವೋ ಅದರ ಪಂದ್ಯಾವಳಿಯಲ್ಲಿ ಮಾತ್ರ ಅದಕ್ಕೆ ಅವಕಾಶ.

ಕಲೆ, ವಿಜ್ಞಾನ, ವಾಣಿಜ್ಯ ಪದವಿ ಕಾಲೇಜುಗಳು 1980ರಲ್ಲಿ ಸ್ಥಾಪನೆಯಾದ, ಕೊಣಾಜೆಯಲ್ಲಿ ಕೇಂದ್ರವನ್ನು ಹೊಂದಿರುವ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಸೇರಿವೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಜೊತೆಗೆ ಕೊಡಗು ಕೂಡ ದೀರ್ಘ ಕಾಲ ಇದರ ವ್ಯಾಪ್ತಿಯಲ್ಲಿತ್ತು. 2023ರಲ್ಲಿ ಕೊಡಗಿಗೆ ಪ್ರತ್ಯೇಕ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಎಂಜಿನಿಯರಿಂಗ್ ಕಾಲೇಜುಗಳ ತಂಡಗಳು ಸಾಮಾನ್ಯವಾಗಿ 1998ರಲ್ಲಿ ಆರಂಭವಾದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಪಂದ್ಯಾವಳಿಯಲ್ಲಿಯೂ, ನರ್ಸಿಂಗ್, ಫಿಸಿಯೋಥೆರಪಿ ಮುಂತಾದ ಕಾಲೇಜುಗಳ ತಂಡಗಳು 1996ರ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದ ಪಂದ್ಯಾವಳಿಯಲ್ಲಿಯೂ ಆಡುತ್ತವೆ. ಮಣಿಪಾಲ, ನಿಟ್ಟೆ, ಯೆನೆಪೋಯ ಸಂಸ್ಥೆಗಳು ಸ್ವತಃ ಪರಿಗಣಿತ ವಿಶ್ವವಿದ್ಯಾನಿಲಯಗಳು. 1880ರಲ್ಲಿ ಆರಂಭವಾದ, ಬಾವುಟಗುಡ್ಡೆಯಲ್ಲಿರುವ ಸಂತ ಅಲೋಶಿಯಸ್ ಕಾಲೇಜು ಕೂಡ 2024ರಲ್ಲಿ ಪರಿಗಣಿತ ವಿಶ್ವವಿದ್ಯಾನಿಲಯವಾಯಿತು. ಹೀಗಾಗಿ ಅಕ್ಕಪಕ್ಕದ ಎರಡು ಕಾಲೇಜುಗಳ ತಂಡಗಳು ಅಧಿಕೃತ ಪಂದ್ಯಾವಳಿಯಲ್ಲಿ ಒಮ್ಮೆಯೂ ಎದುರಾಗದೆ ಇರಬಹುದು. ಅವು ಸಂಧಿಸುವುದು ಕಾಲೇಜುಗಳೇ ಏರ್ಪಡಿಸುವ ಆಹ್ವಾನಿತ ಟ್ರೋಫಿ ಪಂದ್ಯಾವಳಿಗಳಲ್ಲಿ.

ಪದವಿಪೂರ್ವ ಕಾಲೇಜುಗಳ ದಾರಿ ಬೇರೆಯೇ. ಅವು ಶಾಲಾ ಶಿಕ್ಷಣ ಇಲಾಖೆಯ ಕ್ರೀಡಾಕೂಟದಲ್ಲಿ ತಾಲೂಕು, ಜಿಲ್ಲೆ, ರಾಜ್ಯ ಎಂಬ ಮೆಟ್ಟಿಲುಗಳನ್ನು ಏರುತ್ತವೆ. ಪದವಿ ಕಾಲೇಜಿಗೆ ಬಂದ ಮೇಲೆ ಆಟಗಾರರು ಹೊಸದಾಗಿ ಮೊದಲ ಮೆಟ್ಟಿಲಿನಿಂದ ಆರಂಭಿಸಬೇಕು.

ಆತಿಥ್ಯ ಮತ್ತು ಅರ್ಹತೆ

ವಿಶ್ವವಿದ್ಯಾನಿಲಯದ ದೈಹಿಕ ಶಿಕ್ಷಣ ವಿಭಾಗವು ವರ್ಷದ ಕ್ರೀಡಾ ವೇಳಾಪಟ್ಟಿಯನ್ನು ಸಿದ್ಧಪಡಿಸಿ, ಒಂದೊಂದು ಆಟದ ಆತಿಥ್ಯವನ್ನು ಒಂದೊಂದು ಕಾಲೇಜಿಗೆ ವಹಿಸುತ್ತದೆ. ಅಂಕಣ, ತೀರ್ಪುಗಾರರ ವ್ಯವಸ್ಥೆ, ಊಟೋಪಚಾರಗಳ ಹೊಣೆ ಆತಿಥೇಯ ಕಾಲೇಜಿನದು. ಪುರುಷರಿಗೂ ಮಹಿಳೆಯರಿಗೂ ಪ್ರತ್ಯೇಕ ಪಂದ್ಯಾವಳಿಗಳಿರುತ್ತವೆ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯನ್ನು ಗಮನದಲ್ಲಿಟ್ಟುಕೊಂಡೇ ದಿನಾಂಕ ನಿಗದಿಪಡಿಸಬೇಕಾಗುತ್ತದೆ. ನೀರು ನಿಂತ ಸಿಮೆಂಟು ನೆಲದಲ್ಲಿ ಓಡುವಾಗ ಥಟ್ಟನೆ ತಿರುಗಿದ ಆಟಗಾರನ ಮಂಡಿಗೆ ಅಪಾಯ ಕಟ್ಟಿಟ್ಟ ಬುತ್ತಿ. ಮೇಲ್ಛಾವಣಿಯುಳ್ಳ ಅಂಕಣ ಎಲ್ಲ ಕಾಲೇಜುಗಳಿಗೂ ಇಲ್ಲ.

ತಂಡದಲ್ಲಿ ಹೆಚ್ಚೆಂದರೆ 12 ಮಂದಿ. ಅವರು ಆ ಕಾಲೇಜಿನ ಪೂರ್ಣಾವಧಿ ವಿದ್ಯಾರ್ಥಿಗಳಾಗಿರಬೇಕು. ಪ್ರಾಂಶುಪಾಲರ ಸಹಿಯುಳ್ಳ ಅರ್ಹತಾ ಪತ್ರ, ಭಾವಚಿತ್ರ, ವಯಸ್ಸಿನ ದಾಖಲೆಗಳನ್ನು ಪಂದ್ಯಕ್ಕೆ ಮೊದಲೇ ಸಲ್ಲಿಸಬೇಕು. ತಂಡದ ಜೊತೆಗೆ ಬರುವ ದೈಹಿಕ ಶಿಕ್ಷಣ ನಿರ್ದೇಶಕರ ಕೈಚೀಲದಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಷ್ಟೇ ಮುಖ್ಯವಾದುದು ಈ ಕಾಗದಗಳ ಕಡತ. ಅನರ್ಹ ಆಟಗಾರನೊಬ್ಬ ಆಡಿದನೆಂದು ಸಾಬೀತಾದರೆ ಗೆದ್ದ ಪಂದ್ಯವೂ ಕೈತಪ್ಪಬಹುದು.

ಚೀಟಿ, ಬೈ ಮತ್ತು ಸೀಡಿಂಗ್

ಅಂತರ ಕಾಲೇಜು ಪಂದ್ಯಾವಳಿ ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಮುಗಿಯಬೇಕು. 11 ತಂಡಗಳು ಬಂದಿವೆ ಎಂದಿಟ್ಟುಕೊಳ್ಳೋಣ. ಪ್ರತಿಯೊಂದು ತಂಡವೂ ಉಳಿದೆಲ್ಲ ತಂಡಗಳ ವಿರುದ್ಧ ಆಡುವ ಲೀಗ್ ಪದ್ಧತಿಯಾದರೆ 55 ಪಂದ್ಯಗಳು ಬೇಕು. ಒಂದೇ ಅಂಕಣದಲ್ಲಿ ಇದು ಅಸಾಧ್ಯ. ಸೋತವರು ಮನೆಗೆ ಹೋಗುವ ನಾಕೌಟ್ ಪದ್ಧತಿಯಾದರೆ 10 ಪಂದ್ಯ ಸಾಕು. ಸೂತ್ರ ಸರಳ: ಪ್ರತಿ ಪಂದ್ಯದಲ್ಲಿ ಒಂದು ತಂಡ ಹೊರಬೀಳುತ್ತದೆ, 11ರಲ್ಲಿ ಒಂದು ಮಾತ್ರ ಉಳಿಯಬೇಕಾದರೆ 10 ತಂಡಗಳು ಹೊರಬೀಳಬೇಕು. ಅಮೆರಿಕದಲ್ಲಿ ದೇಶವೇ ಕಾದು ನೋಡುವ ಪುರುಷರ ರಾಷ್ಟ್ರೀಯ ಕಾಲೇಜು ಪಂದ್ಯಾವಳಿಗೂ ಇದೇ ಲೆಕ್ಕ; 2011ರಿಂದ ಅಲ್ಲಿ 68 ತಂಡಗಳಿಗೆ 67 ಪಂದ್ಯಗಳು.

ನಾಕೌಟ್ ಸುಸೂತ್ರವಾಗಿ ಸಾಗಬೇಕಾದರೆ ತಂಡಗಳ ಸಂಖ್ಯೆ 4, 8, 16, 32 ಹೀಗಿರಬೇಕು. 11 ತಂಡಗಳಿದ್ದಾಗ ಮುಂದಿನ ಸಂಖ್ಯೆಯಾದ 16ರಿಂದ 11ನ್ನು ಕಳೆದರೆ ಉಳಿಯುವ 5 ತಂಡಗಳಿಗೆ ಮೊದಲ ಸುತ್ತಿನಲ್ಲಿ ಆಟವಿಲ್ಲ. ಇದನ್ನೇ ‘ಬೈ’ ಎನ್ನುವುದು. ಉಳಿದ ಆರು ತಂಡಗಳು ಮೂರು ಪಂದ್ಯಗಳನ್ನಾಡುತ್ತವೆ. ಗೆದ್ದ ಮೂರು, ಬೈ ಪಡೆದ ಐದು, ಒಟ್ಟು ಎಂಟು ತಂಡಗಳು ಕ್ವಾರ್ಟರ್ ಫೈನಲ್ ತಲುಪುತ್ತವೆ. ಬೈ ಯಾರಿಗೆ ಎಂಬುದು ಆತಿಥೇಯರ ಮರ್ಜಿಯಲ್ಲ. ತಂಡಗಳನ್ನು ಮೇಲರ್ಧ, ಕೆಳಾರ್ಧ ಎಂದು ವಿಂಗಡಿಸಿ, ಮೊದಲ ಬೈಯನ್ನು ಕೆಳಾರ್ಧದ ಕೊನೆಯ ತಂಡಕ್ಕೆ, ಎರಡನೆಯದನ್ನು ಮೇಲರ್ಧದ ಮೊದಲ ತಂಡಕ್ಕೆ, ಮೂರನೆಯದನ್ನು ಕೆಳಾರ್ಧದ ಮೊದಲ ತಂಡಕ್ಕೆ, ನಾಲ್ಕನೆಯದನ್ನು ಮೇಲರ್ಧದ ಕೊನೆಯ ತಂಡಕ್ಕೆ ನೀಡುವುದು ದೈಹಿಕ ಶಿಕ್ಷಣ ಪಠ್ಯಗಳು ಕಲಿಸುವ ಕ್ರಮ.

ಯಾವ ತಂಡ ಎಲ್ಲಿ ಎಂಬುದನ್ನು ತಂಡಗಳ ವ್ಯವಸ್ಥಾಪಕರ ಎದುರಿನಲ್ಲಿ ಚೀಟಿ ಎತ್ತಿ ನಿರ್ಧರಿಸಲಾಗುತ್ತದೆ. ಆದರೆ ಹಿಂದಿನ ವರ್ಷದ ವಿಜೇತ ತಂಡವನ್ನು ಪಟ್ಟಿಯ ತುದಿಯಲ್ಲಿಯೂ ದ್ವಿತೀಯ ಸ್ಥಾನಿಯನ್ನು ಬುಡದಲ್ಲಿಯೂ ಇರಿಸಿ, ಬಲಿಷ್ಠರು ಮೊದಲ ದಿನವೇ ಮುಖಾಮುಖಿಯಾಗದಂತೆ ನೋಡಿಕೊಳ್ಳುವುದು ರೂಢಿ. ಇದೇ ಸೀಡಿಂಗ್. ಹೊಸ ತಂಡಕ್ಕೆ ಇದರಿಂದ ಒಂದು ಅನನುಕೂಲವಿದೆ. ತಿಂಗಳುಗಟ್ಟಲೆ ಮುಂಜಾನೆ ಅಭ್ಯಾಸ ಮಾಡಿ, ಬಸ್ಸಿನಲ್ಲಿ ದೂರದಿಂದ ಬಂದು, ಮೊದಲ ಸುತ್ತು ಗೆದ್ದೊಡನೆ ದಣಿದ ಕಾಲಿನಲ್ಲಿ ವಿಶ್ರಾಂತಿ ಪಡೆದ ಸೀಡ್ ತಂಡವನ್ನು ಎದುರಿಸಬೇಕಾಗುತ್ತದೆ.

ಒಂದು ಬುಟ್ಟಿಯ ಬೆಲೆ

ನಾಕೌಟ್‌ನಲ್ಲಿ ಒಂದು ಕೆಟ್ಟ ದಿನ ಒಳ್ಳೆಯ ತಂಡವನ್ನು ಮುಗಿಸಿಬಿಡುತ್ತದೆ. ಈ ದೋಷವನ್ನು ತಗ್ಗಿಸಲು ಅನೇಕ ಕಡೆ ‘ನಾಕೌಟ್ ಕಂ ಲೀಗ್’ ಪದ್ಧತಿಯನ್ನು ಅನುಸರಿಸುತ್ತಾರೆ. ನಾಲ್ಕು ತಂಡಗಳು ಉಳಿಯುವವರೆಗೆ ನಾಕೌಟ್. ಅನಂತರ ಆ ನಾಲ್ಕೂ ಪರಸ್ಪರ ಆಡುತ್ತವೆ. ಆಗ ಆರು ಪಂದ್ಯಗಳು. ಗೆಲುವಿಗೆ 2 ಪಾಯಿಂಟ್, ಸೋಲಿಗೆ 1 ಪಾಯಿಂಟ್, ಪಂದ್ಯಕ್ಕೆ ಬಾರದೆ ಬಿಟ್ಟುಕೊಟ್ಟರೆ ಸೊನ್ನೆ. ಸೋತರೂ ಒಂದು ಪಾಯಿಂಟ್ ಏಕೆಂದರೆ, ಅಂಕಣಕ್ಕಿಳಿದು ಆಡಿದವರಿಗೂ ಬಾರದವರಿಗೂ ವ್ಯತ್ಯಾಸವಿರಬೇಕು.

ಪಾಯಿಂಟ್ ಸಮವಾದಾಗಲೇ ಹೊಸ ಪ್ರೇಕ್ಷಕರಿಗೆ ಗೊಂದಲ. ಕ, ಖ, ಗ, ಘ ಎಂಬ ನಾಲ್ಕು ತಂಡಗಳಲ್ಲಿ ಮೊದಲ ಮೂರೂ ಘ ತಂಡವನ್ನು ಸೋಲಿಸಿವೆ ಎನ್ನೋಣ. ಕ ತಂಡ ಖ ತಂಡವನ್ನು 62-54ರಿಂದ, ಖ ತಂಡ ಗ ತಂಡವನ್ನು 58-55ರಿಂದ, ಗ ತಂಡ ಕ ತಂಡವನ್ನು 60-56ರಿಂದ ಮಣಿಸಿವೆ. ಮೂರಕ್ಕೂ ತಲಾ 5 ಪಾಯಿಂಟ್. ಅಂತರರಾಷ್ಟ್ರೀಯ ನಿಯಮದಂತೆ ಆಗ ಸಮಬಲ ಸಾಧಿಸಿದ ತಂಡಗಳ ನಡುವಿನ ಪಂದ್ಯಗಳ ಅಂಕಗಳ ಅಂತರವನ್ನು ಮೊದಲು ನೋಡಬೇಕು. ಕ ತಂಡಕ್ಕೆ 8ರಲ್ಲಿ 4 ಕಳೆದು ಹೆಚ್ಚಳ 4. ಗ ತಂಡಕ್ಕೆ 4ರಲ್ಲಿ 3 ಕಳೆದು ಹೆಚ್ಚಳ 1. ಖ ತಂಡಕ್ಕೆ 5ರ ಕೊರತೆ. ಪ್ರಶಸ್ತಿ ಕ ತಂಡಕ್ಕೆ.

ಈಗ ಗ ತಂಡ ಕೊನೆಯ ಕ್ಷಣದಲ್ಲಿ ಇನ್ನೊಂದು ಬುಟ್ಟಿ ಹಾಕಿ 62-56ರಿಂದ ಗೆದ್ದಿದ್ದರೆ? ಗ ತಂಡದ ಹೆಚ್ಚಳ 3ಕ್ಕೆ ಏರಿ, ಕ ತಂಡದ್ದು 2ಕ್ಕೆ ಇಳಿಯುತ್ತಿತ್ತು, ಪ್ರಶಸ್ತಿ ಕೈಬದಲಾಗುತ್ತಿತ್ತು. ಪಂದ್ಯದ ಫಲಿತಾಂಶ ನಿಶ್ಚಿತವಾದ ಮೇಲೆಯೂ ಎರಡೂ ತಂಡಗಳ ತರಬೇತುದಾರರು ಗಂಟಲು ಹರಿದುಕೊಳ್ಳುವುದು ಇದೇ ಕಾರಣಕ್ಕೆ. ದುರ್ಬಲವಾದ ಘ ತಂಡದ ವಿರುದ್ಧ 50 ಅಂಕಗಳಿಂದ ಗೆದ್ದರೂ ಈ ಮೊದಲ ಲೆಕ್ಕದಲ್ಲಿ ಅದು ಬರುವುದಿಲ್ಲ ಎಂಬುದನ್ನೂ ಗಮನಿಸಬೇಕು. ಎರಡೇ ತಂಡಗಳು ಸಮವಾದರೆ ಅವುಗಳ ನಡುವೆ ಗೆದ್ದ ತಂಡವೇ ಮೇಲು.

ನಿಗದಿತ ವೇಳೆ ಕಳೆದು 15 ನಿಮಿಷಗಳಾದರೂ ಐದು ಆಟಗಾರರನ್ನು ಇಳಿಸಲಾಗದ ತಂಡ 20-0ರಿಂದ ಪಂದ್ಯವನ್ನು ಕಳೆದುಕೊಳ್ಳುತ್ತದೆ. ಆಟ ಸಾಗುತ್ತಿರುವಾಗ ಫೌಲ್ ಅಥವಾ ಗಾಯದಿಂದ ಸಂಖ್ಯೆ ಇಳಿದರೆ ಮೂವರು ಅಥವಾ ಇಬ್ಬರೇ ಆಡಬಹುದು. ಒಬ್ಬನೇ ಉಳಿದರೆ ಪಂದ್ಯ ಮುಗಿದಂತೆ.

ಅಂಕಣದ ಅಳತೆ

ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲ. ರಿಂಗ್ ನೆಲದಿಂದ 3.05 ಮೀಟರ್ ಎತ್ತರದಲ್ಲಿದ್ದು, ಒಳವ್ಯಾಸ ಸುಮಾರು 45 ಸೆಂಟಿಮೀಟರ್. ಹಿಂಬದಿಯ ಫಲಕ 1.80 ಮೀಟರ್ ಅಗಲ, 1.05 ಮೀಟರ್ ಎತ್ತರ. ಪುರುಷರು 7ನೇ ಅಳತೆಯ ಚೆಂಡಿನಲ್ಲಿಯೂ ಮಹಿಳೆಯರು ಅದಕ್ಕಿಂತ ಚಿಕ್ಕದಾದ, ಹಗುರವಾದ 6ನೇ ಅಳತೆಯ ಚೆಂಡಿನಲ್ಲಿಯೂ ಆಡುತ್ತಾರೆ. ರಿಂಗ್‌ನ ಎತ್ತರ ಮಾತ್ರ ಇಬ್ಬರಿಗೂ ಒಂದೇ.

ಕಮಾನಿನಾಕಾರದ ದೊಡ್ಡ ಗೆರೆ ಮೂರು ಅಂಕಗಳ ಗೆರೆ. ಇದರ ದೂರ ಮೊದಲು 6.25 ಮೀಟರ್ ಇತ್ತು, 2010ರಲ್ಲಿ 6.75 ಮೀಟರ್‌ಗೆ ಹೆಚ್ಚಿಸಲಾಯಿತು. ಬುಟ್ಟಿಯ ಕೆಳಗಿನ ನಿರ್ಬಂಧಿತ ಪ್ರದೇಶವೂ ಆಗಲೇ ಕೆಳಗೆ ಅಗಲವಾಗುತ್ತಿದ್ದ ಆಕಾರವನ್ನು ಬಿಟ್ಟು ಆಯತವಾಯಿತು. ಹಳೆಯ ಅಂಕಣಗಳಲ್ಲಿ ಮಾಸಿದ ಬಣ್ಣದ ಎರಡು ಜೊತೆ ಗೆರೆಗಳು ಕಂಡರೆ ಅದಕ್ಕೆ ಈ ಬದಲಾವಣೆ ಕಾರಣವಿರಬಹುದು.

ನಲವತ್ತು ನಿಮಿಷಗಳ ಆಟ

ಪಂದ್ಯ ತಲಾ 10 ನಿಮಿಷಗಳ ನಾಲ್ಕು ಕ್ವಾರ್ಟರ್‌ಗಳಲ್ಲಿ ನಡೆಯುತ್ತದೆ. 20 ನಿಮಿಷಗಳ ಎರಡು ಅವಧಿಗಳನ್ನು ನೆನಪಿಟ್ಟುಕೊಂಡಿರುವ ಹಿರಿಯ ಪ್ರೇಕ್ಷಕರು ತಪ್ಪಾಗಿ ನೆನಪಿಟ್ಟಿಲ್ಲ. 2000ದಲ್ಲಿ ನಿಯಮ ಬದಲಾಯಿತು. ಟಿ.ವಿ.ಯಲ್ಲಿ ಕಾಣುವ ಅಮೆರಿಕದ ವೃತ್ತಿಪರ ಲೀಗ್‌ನಲ್ಲಿ 12 ನಿಮಿಷಗಳ ಕ್ವಾರ್ಟರ್, ಆರು ಫೌಲ್‌ಗಳ ಮಿತಿ. ನಮ್ಮ ಕಾಲೇಜು ಆಟಕ್ಕೆ ಅದನ್ನು ಅನ್ವಯಿಸಬಾರದು. ಸೀಟಿ ಊದಿದಾಗಲೆಲ್ಲ ಗಡಿಯಾರ ನಿಲ್ಲುವುದರಿಂದ 40 ನಿಮಿಷಗಳ ಪಂದ್ಯಕ್ಕೆ ಒಂದೂವರೆ ಗಂಟೆ ಹಿಡಿಯುವುದುಂಟು. ಅಂಕ ಸಮವಾದರೆ ಡ್ರಾ ಇಲ್ಲ. ನಿರ್ಣಯವಾಗುವವರೆಗೂ 5 ನಿಮಿಷಗಳ ಹೆಚ್ಚುವರಿ ಅವಧಿಗಳು.

ಗೆರೆಯ ಹೊರಗಿನಿಂದ ಹಾಕಿದ ಬುಟ್ಟಿಗೆ 3, ಒಳಗಿನಿಂದ 2, ಫ್ರೀ ಥ್ರೋಗೆ 1 ಅಂಕ. ಚೆಂಡು ಹಿಡಿದ ತಂಡದ ಮೇಲೆ ಕಾಲದ ಒತ್ತಡ ಸದಾ ಇರುತ್ತದೆ. ಎಂಟು ಸೆಕೆಂಡುಗಳಲ್ಲಿ ಮಧ್ಯರೇಖೆ ದಾಟಬೇಕು. 24 ಸೆಕೆಂಡುಗಳಲ್ಲಿ ಬುಟ್ಟಿಯತ್ತ ಎಸೆಯಬೇಕು. ಎಸೆದ ಚೆಂಡು ರಿಂಗ್‌ಗೆ ತಗಲಿ ಮರಳಿ ಅದೇ ತಂಡಕ್ಕೆ ಸಿಕ್ಕರೆ ಮತ್ತೆ 14 ಸೆಕೆಂಡು ಮಾತ್ರ. ಎದುರಾಳಿಯ ಬುಟ್ಟಿಯ ಕೆಳಗಿನ ಆಯತದಲ್ಲಿ ದಾಳಿಗಾರ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲ. ಚೆಂಡನ್ನು ಪುಟಿಸದೆ ಹೆಜ್ಜೆ ಹಾಕಿದರೆ ಟ್ರಾವೆಲಿಂಗ್. ಪುಟಿಸಿ, ಹಿಡಿದು, ಮತ್ತೆ ಪುಟಿಸಿದರೆ ಡಬಲ್ ಡ್ರಿಬಲ್. ಇಂತಹ ಉಲ್ಲಂಘನೆಗಳಿಗೆ ಶಿಕ್ಷೆ ಒಂದೇ: ಚೆಂಡು ಎದುರಾಳಿಗೆ.

ಮೈಮುಟ್ಟಿ ಅಡ್ಡಿಪಡಿಸಿದರೆ ಫೌಲ್. ಐದು ಫೌಲ್ ಆದ ಆಟಗಾರ ಆ ಪಂದ್ಯದಿಂದ ಹೊರಗೆ. ಒಂದು ಕ್ವಾರ್ಟರ್‌ನಲ್ಲಿ ತಂಡದ ಫೌಲ್‌ಗಳು ನಾಲ್ಕಾದ ಮೇಲೆ, ಮುಂದಿನ ಪ್ರತಿ ರಕ್ಷಣಾ ಫೌಲ್‌ಗೂ ಎದುರಾಳಿಗೆ ಎರಡು ಫ್ರೀ ಥ್ರೋ. ಬುಟ್ಟಿಗೆ ಎಸೆಯುತ್ತಿದ್ದವನಿಗೆ ಫೌಲ್ ಮಾಡಿದರೆ, ಚೆಂಡು ಒಳಗೆ ಬಿದ್ದಲ್ಲಿ ಆ ಅಂಕದ ಜೊತೆಗೆ ಒಂದು ಫ್ರೀ ಥ್ರೋ. ಬೀಳದಿದ್ದಲ್ಲಿ ಎಸೆದ ಸ್ಥಳಕ್ಕನುಗುಣವಾಗಿ ಎರಡು ಅಥವಾ ಮೂರು. ತಂಡದ ಪ್ರಮುಖ ಆಟಗಾರ ಎರಡನೇ ಕ್ವಾರ್ಟರ್‌ನಲ್ಲಿಯೇ ಬೆಂಚಿನಲ್ಲಿ ಕುಳಿತಿದ್ದರೆ ತರಬೇತುದಾರರಿಗೆ ಸಿಟ್ಟು ಬಂದಿದೆ ಎಂದು ಭಾವಿಸಬೇಕಿಲ್ಲ. ಮೂರು ಫೌಲ್ ಆದವನನ್ನು ಕೊನೆಯ ಹತ್ತು ನಿಮಿಷಗಳಿಗೆ ಕಾಯ್ದಿರಿಸಿರುತ್ತಾರೆ.

ಪಕ್ಕದ ಮೇಜಿನ ಮೇಲೂ ಕಣ್ಣಿಡಬೇಕು. ಅಂಕ ದಾಖಲಿಸುವವರು, ಸಮಯಪಾಲಕರು, 24 ಸೆಕೆಂಡುಗಳ ಗಡಿಯಾರ ನಡೆಸುವವರು ಅಲ್ಲಿರುತ್ತಾರೆ. ತೀರ್ಪುಗಾರರು ಬೆರಳೆತ್ತಿ ತೋರಿಸುವುದು ಫೌಲ್ ಮಾಡಿದವನ ಅಂಗಿಯ ಸಂಖ್ಯೆಯನ್ನು. ಹಿಂದೆ ಅಂತರರಾಷ್ಟ್ರೀಯ ಆಟದಲ್ಲಿ ಸಂಖ್ಯೆಗಳು 4ರಿಂದ 15ರವರೆಗೆ ಮಾತ್ರ ಇದ್ದವು. 1, 2, 3 ಎಂಬ ಬೆರಳುಗಳು ಅಂಕಗಳಿಗೆ, ಫ್ರೀ ಥ್ರೋಗಳಿಗೆ ಮೀಸಲಾಗಿದ್ದವು. ಈಗ 99ರವರೆಗೂ ಸಂಖ್ಯೆ ಧರಿಸಬಹುದು.

ಟ್ರೋಫಿಗಿಂತ ದೊಡ್ಡದು

ಅಂತರ ಕಾಲೇಜು ಪಂದ್ಯಾವಳಿಯ ನಿಜವಾದ ಗುಟ್ಟು ಸಮಾರೋಪದ ಟ್ರೋಫಿಯಲ್ಲಿಲ್ಲ. ವಿಶ್ವವಿದ್ಯಾನಿಲಯದ ತಂಡಕ್ಕೆ ಆಟಗಾರರನ್ನು ಗುರುತಿಸುವ ವೇದಿಕೆಯೂ ಇದೇ. ಆಯ್ಕೆದಾರರು ನೋಡುವುದು ಆಟಗಾರನನ್ನು. ಮೊದಲ ಸುತ್ತಿನಲ್ಲಿ ಸೋತ ಕಾಲೇಜಿನ ಹುಡುಗಿಯೂ ವಿಶ್ವವಿದ್ಯಾನಿಲಯದ ಅಂಗಿ ತೊಡಬಹುದು. ಆ ತಂಡ ಶಿಬಿರದ ಬಳಿಕ ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘ ನಡೆಸುವ ದಕ್ಷಿಣ ವಲಯ ಅಂತರ ವಿಶ್ವವಿದ್ಯಾನಿಲಯ ಪಂದ್ಯಾವಳಿಗೆ ತೆರಳುತ್ತದೆ. ದಕ್ಷಿಣ, ಉತ್ತರ, ಪೂರ್ವ, ಪಶ್ಚಿಮ ವಲಯಗಳ ಅಗ್ರ ತಂಡಗಳು ಅಖಿಲ ಭಾರತ ಮಟ್ಟದಲ್ಲಿ ಸೆಣಸುತ್ತವೆ. ಅಲ್ಲಿ ಮೇಲಿನ ಸ್ಥಾನ ಪಡೆದವುಗಳಿಗೆ 2020ರಲ್ಲಿ ಭುವನೇಶ್ವರದಲ್ಲಿ ಆರಂಭವಾದ ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕ್ರೀಡಾಕೂಟದ ಬಾಗಿಲು ತೆರೆಯುತ್ತದೆ. ಈ ಕೂಟದ ಎರಡನೇ ಆವೃತ್ತಿ 2022ರಲ್ಲಿ ಬೆಂಗಳೂರಿನಲ್ಲಿ ಜರುಗಿತ್ತು.

ಹನ್ನೆರಡು ಮಂದಿಯ ಆ ಪಟ್ಟಿಯಲ್ಲಿ ಹೆಸರಿರುವುದಕ್ಕೂ ಇಲ್ಲದಿರುವುದಕ್ಕೂ ಬದುಕಿನಲ್ಲಿ ಅಂತರವಿದೆ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನೇಮಕಾತಿಗೆ ಅರ್ಹರಾದವರಲ್ಲಿ ಅಂತರ ವಿಶ್ವವಿದ್ಯಾನಿಲಯ ಪಂದ್ಯಾವಳಿಯಲ್ಲಿ ತಮ್ಮ ವಿಶ್ವವಿದ್ಯಾನಿಲಯವನ್ನು ಪ್ರತಿನಿಧಿಸಿದವರೂ ಸೇರಿದ್ದಾರೆ. ಅಂತರ ಕಾಲೇಜು ಗೆಲುವೊಂದೇ ಅಲ್ಲಿಗೆ ಸಾಲದು. ಕ್ರೀಡೆಯಿಂದ ಉದ್ಯೋಗ ಎಂಬುದು ಕರಾವಳಿಗೆ ಹೊಸ ಮಾತೂ ಅಲ್ಲ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ ಬಾಸ್ಕೆಟ್‌ಬಾಲ್ ತಂಡವನ್ನು ಕಟ್ಟಿ ಬೆಳೆಸಿತ್ತು. ಆ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನಗೊಂಡಿತು. ರೈಲ್ವೆ ಇಂದಿಗೂ ಆಟಗಾರರ ದೊಡ್ಡ ಆಶ್ರಯದಾತ.

ಕಾಲೇಜಿನಲ್ಲಿಯೇ ಹುಟ್ಟಿದ ಆಟ

ಬಾಸ್ಕೆಟ್‌ಬಾಲ್ ಹುಟ್ಟಿದ್ದೇ ವಿದ್ಯಾಸಂಸ್ಥೆಯೊಂದರಲ್ಲಿ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈ.ಎಂ.ಸಿ.ಎ. ತರಬೇತಿ ಶಾಲೆಯ ಶಿಕ್ಷಕ ಜೇಮ್ಸ್ ನೈಸ್ಮಿತ್, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಲು ಹಣ್ಣಿನ ಬುಟ್ಟಿಗಳನ್ನು ಮೊಳೆ ಹೊಡೆದು ತೂಗುಹಾಕಿ 13 ನಿಯಮಗಳನ್ನು ಬರೆದರು. ಮರುವರ್ಷವೇ ಸ್ಮಿತ್ ಕಾಲೇಜಿನ ಶಿಕ್ಷಕಿ ಸೆಂಡಾ ಬೆರೆನ್ಸನ್ ಅದನ್ನು ವಿದ್ಯಾರ್ಥಿನಿಯರಿಗೆ ಕಲಿಸಿದರು. ಒಲಿಂಪಿಕ್ಸ್‌ನಲ್ಲಿ ಪುರುಷರಿಗೆ 1936ರಲ್ಲಿ ಸ್ಥಾನ ದೊರೆತರೆ ಮಹಿಳೆಯರು 1976ರವರೆಗೆ ಕಾಯಬೇಕಾಯಿತು. ದಕ್ಷಿಣ ಭಾರತದಲ್ಲಿ ಆಟ ಬೇರೂರಲು ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ಸ್ಥಾಪಿಸಿದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜಿನ ಕೊಡುಗೆ ಮುಖ್ಯವಾದುದು. ಕದ್ರಿಗೆ ಹೊಂದಿಕೊಂಡ ಬೆಂದೂರಿನಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜು ಆರಂಭವಾದದ್ದು ಅದರ ಮರುವರ್ಷ, 1921ರಲ್ಲಿ.

ಭಾರತದ ಪುರುಷರ ತಂಡ ಒಲಿಂಪಿಕ್ಸ್‌ನಲ್ಲಿ ಆಡಿದ್ದು ಒಮ್ಮೆ ಮಾತ್ರ, 1980ರಲ್ಲಿ ಮಾಸ್ಕೋದಲ್ಲಿ. ಮಹಿಳೆಯರು 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಏಷ್ಯಾ ಕಪ್‌ನ ಬಿ ವಿಭಾಗದ ಫೈನಲ್‌ನಲ್ಲಿ ಕಜಕಸ್ತಾನವನ್ನು 75-73ರಿಂದ ಸೋಲಿಸಿ ಎ ವಿಭಾಗಕ್ಕೆ ಬಡ್ತಿ ಪಡೆದರು. ಅಂತರ ಎರಡೇ ಅಂಕ, ಅಂದರೆ ಒಂದೇ ಬುಟ್ಟಿ.

ಮೊದಲ ಬಾರಿಗೆ ಪಂದ್ಯ ನೋಡಲು ಹೋಗುವವರು ಅಂಕಣದ ಬಳಿ ಅಂಟಿಸಿರುವ ಪಂದ್ಯಗಳ ಪಟ್ಟಿಯನ್ನು ಮೊದಲು ಓದಬೇಕು. ತಂಡ ಮೇಲರ್ಧದಲ್ಲಿದೆಯೇ, ಕೆಳಾರ್ಧದಲ್ಲಿದೆಯೇ, ಇಂದಿನದು ನಾಕೌಟೋ ಲೀಗೋ ಎಂಬುದು ತಿಳಿದರೆ ಸೋಲಿನ ಅರ್ಥ ತಿಳಿಯುತ್ತದೆ. ಅನಂತರ ಚೆಂಡನ್ನು ಬಿಟ್ಟು ಒಂದೆರಡು ನಿಮಿಷ ಒಬ್ಬ ಆಟಗಾರನನ್ನೇ ನೋಡಬೇಕು. ಇಪ್ಪತ್ತು ಅಂಕ ಹಿಂದಿದ್ದರೂ ಕೊನೆಯ ರೀಬೌಂಡ್‌ಗಾಗಿ ಜಿಗಿಯುವ ಹುಡುಗ ಆಡುತ್ತಿರುವುದು ಆ ಪಂದ್ಯವನ್ನಷ್ಟೇ ಅಲ್ಲ. ಬೆಂಚಿನಾಚೆ ಹಾಳೆ ಹಿಡಿದು ಕುಳಿತ ಆಯ್ಕೆದಾರರ ಎದುರಿನಲ್ಲಿ ಅವನ ಮುಂದಿನ ದಿನಗಳ ಆಟವೂ ಅದೇ.